ಒಂದೇ ಪುಸ್ತಕದಲ್ಲಿ ಉಳಿದ ಹೆಸರುಗಳು

ಹಂಪಿಯ ಶಿಲಾಶಾಸನಗಳು ಅರಸರನ್ನು ಕುರಿತು ಧಾರಾಳವಾಗಿ ಮಾತನಾಡುತ್ತವೆ. ಇಂಥ ಶಕವರ್ಷದಲ್ಲಿ ಇಂಥ ದೊರೆ ಇಂಥ ದೇವಾಲಯಕ್ಕೆ ಇಷ್ಟು ಭೂಮಿಯನ್ನು ದಾನವಾಗಿ ಕೊಟ್ಟನೆಂದು ಕಲ್ಲು ಸಾರುತ್ತದೆ. ರಾಣಿಯರು, ದಂಡನಾಯಕರು, ವರ್ತಕರು, ದಾನಿಗಳು ಎಲ್ಲರಿಗೂ ಅಲ್ಲಿ ಜಾಗವಿದೆ. ಆದರೆ ಅದೇ ಕಲ್ಲನ್ನು ಬೆಟ್ಟದಿಂದ ಸೀಳಿ ಹೆಗಲ ಮೇಲೆ ಹೊತ್ತು ತಂದವನ ಹೆಸರಾಗಲಿ, ಅವನಿಗೆ ಬುತ್ತಿ ಕಟ್ಟಿ ಕಳುಹಿಸಿದವಳ ಹೆಸರಾಗಲಿ ನಮಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಇತಿಹಾಸದ ಬಹುಭಾಗ ಹೀಗೆಯೇ ಇದೆ. ಅಧಿಕಾರವಿದ್ದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಬೆವರು ಸುರಿಸಿದವರ ಹೆಸರು ಗಾಳಿಯಲ್ಲಿ ಹಾರಿಹೋಗುತ್ತದೆ.

ವಿಜಯನಗರದ ಸೇನೆ ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ಸೋತು ರಾಜಧಾನಿ ಹಾಳಾದುದು 1565ರ ಜನವರಿಯ ನಂತರ. ಅದಕ್ಕೆ ಕೇವಲ ಹದಿನಾಲ್ಕು ತಿಂಗಳ ಹಿಂದೆ, 1563ರ ನವೆಂಬರ್ 11ರಂದು, ಯೂರೋಪಿನ ತ್ರೆಂತ್ ನಗರದಲ್ಲಿ ಸೇರಿದ್ದ ಧರ್ಮಸಭೆಯ ಮಹಾಸಭೆ ಒಂದು ಆಜ್ಞೆಯನ್ನು ಹೊರಡಿಸಿತು. ಪ್ರತಿಯೊಂದು ಧರ್ಮಕೇಂದ್ರದ ಗುರುವೂ ಒಂದು ಪುಸ್ತಕವನ್ನಿಟ್ಟು, ಮದುವೆಯಾದವರ ಮತ್ತು ಸಾಕ್ಷಿಗಳ ಹೆಸರು, ದಿನ, ಸ್ಥಳ ಇವುಗಳನ್ನು ಅದರಲ್ಲಿ ಬರೆದಿಡಬೇಕು. ದೀಕ್ಷಾಸ್ನಾನದ ವೇಳೆ ನಿಂತ ಜ್ಞಾನಪಿತೃಗಳ ಹೆಸರನ್ನೂ ದಾಖಲಿಸಬೇಕು. ಮುಂದೆ 1614ರಲ್ಲಿ ಪೋಪ್ ಐದನೆಯ ಪೌಲರು ಪ್ರಕಟಿಸಿದ ಸಂಸ್ಕಾರವಿಧಿಯ ಗ್ರಂಥವು ದೀಕ್ಷಾಸ್ನಾನ, ದೃಢೀಕರಣ, ವಿವಾಹ, ಮರಣ ಹಾಗೂ ಧರ್ಮಕೇಂದ್ರದ ಕುಟುಂಬಗಳ ಸ್ಥಿತಿಗತಿ ಎಂಬ ಐದು ಪುಸ್ತಕಗಳಿಗೆ ಮಾದರಿಗಳನ್ನು ಕೊಟ್ಟಿತು.

ಈ ಎರಡು ಘಟನೆಗಳಿಗೂ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಚಾರ ಹೊಳೆಯುತ್ತದೆ. ತ್ರೆಂತ್‌ನ ಆಜ್ಞೆಯಲ್ಲಿ ಅರಸ-ಆಳು ಎಂಬ ಭೇದವಿರಲಿಲ್ಲ. ದೀಕ್ಷಾಸ್ನಾನ ಪಡೆದ ಮಗು ಯಾರದೇ ಆಗಿರಲಿ, ಅದರ ಹೆಸರಿಗೆ ಪುಸ್ತಕದಲ್ಲಿ ಒಂದೇ ಅಳತೆಯ ಸಾಲು. ಕೂಲಿಕಾರನ ಮಗಳಿಗೂ ಒಂದು ಸಾಲು, ಜಮೀನುದಾರನ ಮಗನಿಗೂ ಒಂದು ಸಾಲು. ಓದುಬರಹ ಬಾರದ, ಆಸ್ತಿಪಾಸ್ತಿ ಇಲ್ಲದ, ಯಾವ ಸರ್ಕಾರಿ ಕಾಗದದಲ್ಲೂ ಕಾಣಿಸಿಕೊಳ್ಳದ ಎಷ್ಟೋ ಮಂದಿ ನಮ್ಮ ಹಿರಿಯರು ಭೂಮಿಯ ಮೇಲೆ ಬದುಕಿದ್ದರು ಎಂಬುದಕ್ಕೆ ಈ ಒಂದು ಸಾಲಿಗಿಂತ ಬೇರೆ ಸಾಕ್ಷಿಯಿಲ್ಲ. ಆ ಸಾಲನ್ನು ಹುಡುಕುವುದು ಹೇಗೆ, ಅದನ್ನು ಉಳಿಸಿಕೊಳ್ಳುವ ಹೊಣೆ ಯಾರದು ಎಂಬುದೇ ಈ ಲೇಖನದ ವಿಚಾರ.

ನಾಲ್ಕು ದಿಕ್ಕುಗಳಿಂದ ಬಂದವರು

ಹೊಸಪೇಟೆ, ಸಂಡೂರು, ಕಂಪ್ಲಿ ಪ್ರದೇಶದ ಕ್ರೈಸ್ತ ಕುಟುಂಬಗಳಲ್ಲಿ ಅನೇಕವು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದಿಕ್ಕುಗಳಿಂದ ಬಂದು ನೆಲೆ ನಿಂತವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಸೀಮೆಗೆ ಹಳಿ ಹಾಸಿದಾಗ ರೈಲ್ವೆ ನೌಕರರು ಬಂದರು. 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದ ಮೇಲೆ ಕಲ್ಲು ಒಡೆಯುವವರು, ಗಾರೆ ಕೆಲಸದವರು, ಯಂತ್ರ ನಡೆಸುವವರು ತಮಿಳು ನಾಡಿನಿಂದಲೂ ತೆಲುಗು ಸೀಮೆಯಿಂದಲೂ ಬಂದರು. 1953ರಲ್ಲಿ ಜಲಾಶಯ ಬಳಕೆಗೆ ಬಂದು ಕಾಲುವೆಗಳಲ್ಲಿ ನೀರು ಹರಿದಾಗ, ಆಂಧ್ರದ ಕರಾವಳಿಯ ರೈತರು ಕಂಪ್ಲಿಯ ಸುತ್ತಮುತ್ತ ಭೂಮಿ ಕೊಂಡು ಇಂದಿಗೂ ನಾವು ‘ಕ್ಯಾಂಪು’ ಎಂದು ಕರೆಯುವ ಊರುಗಳನ್ನು ಕಟ್ಟಿದರು. ಸಂಡೂರಿನ ಬೆಟ್ಟಗಳ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಗಣಿ ಕಾರ್ಮಿಕರನ್ನು ಕರೆತಂದಿತು. ಮಂಗಳೂರಿನ ಕಡೆಯಿಂದ ಕೊಂಕಣಿ ಮಾತನಾಡುವ ಕುಟುಂಬಗಳು ಉದ್ಯೋಗಕ್ಕೆಂದೂ ವ್ಯಾಪಾರಕ್ಕೆಂದೂ ಬಂದವು.

ಹೀಗೆ ಬಂದವರ ಮೂರನೆಯ ತಲೆಮಾರು ಈಗ ಬೆಳೆದು ನಿಂತಿದೆ. ಮನೆಯಲ್ಲಿ ಮಾತು ಕನ್ನಡ. ಹಿರಿಯರ ಊರಿನ ನೆನಪು ಮಸುಕು. ‘ನಮ್ಮ ತಾತ ಡ್ಯಾಮ್ ಕಟ್ಟುವ ಕಾಲಕ್ಕೆ ಬಂದರಂತೆ’ ಎಂಬ ಒಂದು ವಾಕ್ಯದಲ್ಲಿ ಎಷ್ಟೋ ಕುಟುಂಬಗಳ ಇತಿಹಾಸ ಮುಗಿದುಹೋಗುತ್ತದೆ. ಎಲ್ಲಿಂದ ಬಂದರು, ಅವರ ತಾಯಿಯ ಹೆಸರೇನು, ಯಾವ ದೇವಾಲಯದಲ್ಲಿ ದೀಕ್ಷಾಸ್ನಾನವಾಯಿತು ಎಂದು ಕೇಳಿದರೆ ಉತ್ತರವಿಲ್ಲ.

ಆದರೆ ಇವರೆಲ್ಲರಿಗಿಂತ ಮೊದಲೇ ಈ ನೆಲಕ್ಕೆ ಬಂದ, ಇಂದು ಬಹುಪಾಲು ಮರೆತುಹೋಗಿರುವ ಇನ್ನೊಂದು ಗುಂಪಿದೆ. ಅವರ ದಾಖಲೆಗಳಿಗೆ ಒದಗಿದ ಗತಿಯನ್ನು ಅರಿತರೆ ನಮ್ಮ ದಾಖಲೆಗಳ ಬೆಲೆ ತಾನಾಗಿಯೇ ತಿಳಿಯುತ್ತದೆ. ಅವರೇ ಐರ್ಲೆಂಡಿನ ಸೈನಿಕರು.

ಬಳ್ಳಾರಿಯ ಐರಿಷರು

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ನಂತರ ಬಳ್ಳಾರಿ ಒಂದು ದೊಡ್ಡ ದಂಡಿನ ಪ್ರದೇಶವಾಗಿ ಬೆಳೆಯಿತು. ಆ ದಂಡಿನಲ್ಲಿ ಐರಿಷ್ ಕಥೋಲಿಕರು ಬಹಳ ಮಂದಿ ಇದ್ದರು. ಅಚ್ಚರಿಯೇನಿಲ್ಲ, 1830ರ ಸುಮಾರಿಗೆ ಬ್ರಿಟಿಷ್ ಸೇನೆಯ ಸಾಮಾನ್ಯ ಸಿಪಾಯಿಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಜನ ಐರ್ಲೆಂಡಿನವರಾಗಿದ್ದರು. ತಮ್ಮ ದೇಶದಲ್ಲಿ ಭೂಮಿಯಿಲ್ಲದೆ, ಕೆಲಸವಿಲ್ಲದೆ, ಹಸಿವಿನಿಂದ ಪಾರಾಗಲು ಸೇನೆಗೆ ಸೇರಿದವರು ಅವರು. ಕಂಪನಿಯು ಯೂರೋಪಿಯನ್ನರನ್ನು ಸೇರಿಸಿ ಕಟ್ಟಿದ್ದ ಮದರಾಸಿನ ಒಂದು ಪ್ರಸಿದ್ಧ ದಳವೇ ಮುಂದೆ 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಎಂಬ ಹೆಸರಿನಿಂದ ಐರ್ಲೆಂಡಿನ ದಳವಾಯಿತು.

ಈ ಸೀಮೆಯ ಬಿಸಿಲು ಅವರಿಗೆ ಒಗ್ಗುತ್ತಿರಲಿಲ್ಲ. ಜ್ವರ, ಕಾಲರಾಗಳಿಗೆ ತುತ್ತಾದವರು ಹಲವರು. ಕಾಯಿಲೆ ಬಿದ್ದವರು ಚೇತರಿಸಿಕೊಳ್ಳಲೆಂದು ಸಂಡೂರು ಸಂಸ್ಥಾನದ ಬೆಟ್ಟದ ಮೇಲಿನ ರಾಮನದುರ್ಗದಲ್ಲಿ 19ನೆಯ ಶತಮಾನದ ನಡುಭಾಗದಲ್ಲಿ ಸೇನೆಯ ಆರೋಗ್ಯಧಾಮವನ್ನು ಮಾಡಿದ್ದರು. ಇವರ ಆಧ್ಯಾತ್ಮಿಕ ಮೇಲ್ವಿಚಾರಣೆ ಮದರಾಸಿನ ಧರ್ಮಾಧ್ಯಕ್ಷರದು. ಅವರೂ ಆಗ ಐರಿಷರೇ. 1834ರಲ್ಲಿ ನೇಮಕಗೊಂಡ ಡೇನಿಯಲ್ ಓ’ಕಾನರ್, ಅವರ ನಂತರ ಜಾನ್ ಫೆನೆಲಿ, ಅವರ ಸೋದರ ಸ್ಟೀಫನ್ ಫೆನೆಲಿ, ಕೊನೆಗೆ 1911ರವರೆಗೆ ಇದ್ದ ಮಹಾಧರ್ಮಾಧ್ಯಕ್ಷ ಜೋಸೆಫ್ ಕೋಲ್ಗನ್ ಹೀಗೆ ಮುಕ್ಕಾಲು ಶತಮಾನದ ಕಾಲ ಐರ್ಲೆಂಡಿನವರೇ ಆ ಪೀಠದಲ್ಲಿದ್ದರು.

ಈ ಸೈನಿಕರ ವಂಶಸ್ಥರು ಇಂದು ಐರ್ಲೆಂಡಿನಲ್ಲಿದ್ದಾರೆ, ಇಂಗ್ಲೆಂಡಿನಲ್ಲಿದ್ದಾರೆ, ಆಸ್ಟ್ರೇಲಿಯದಲ್ಲಿದ್ದಾರೆ; ಆಂಗ್ಲೋ ಇಂಡಿಯನ್ ಕುಟುಂಬಗಳಾಗಿ ನಮ್ಮ ರೈಲ್ವೆ ಪಟ್ಟಣಗಳಲ್ಲಿಯೂ ಇದ್ದಾರೆ. ತಮ್ಮ ಪೂರ್ವಜನನ್ನು ಹುಡುಕಲು ಅವರಿಗಿರುವ ದಾರಿ ಹೀಗಿದೆ. ಕಂಪನಿಯ ಆಳ್ವಿಕೆಯ ಕಾಲದಿಂದ ಮದರಾಸು ಪ್ರಾಂತ್ಯದ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳ ಪ್ರತಿಗಳನ್ನು ಲಂಡನ್ನಿಗೆ ಕಳುಹಿಸುವ ಪದ್ಧತಿಯಿತ್ತು. 1698ರಿಂದ ಆರಂಭವಾಗುವ ಈ ಪ್ರತಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 2014ರಿಂದ ಅವುಗಳಲ್ಲಿ ದೊಡ್ಡ ಭಾಗವನ್ನು ಶುಲ್ಕ ತೆತ್ತು ಗಣಕಯಂತ್ರದಲ್ಲೇ ನೋಡಬಹುದು. ಮೊದಮೊದಲು ಇವು ಪ್ರೊಟೆಸ್ಟಂಟ್ ದಾಖಲೆಗಳು ಮಾತ್ರ. 19ನೆಯ ಶತಮಾನದಲ್ಲಿ ಕಥೋಲಿಕ ದಾಖಲೆಗಳ ಪ್ರತಿಗಳೂ ಸೇರಿದವು, ಪೂರ್ಣವಾಗಿ ಅಲ್ಲದಿದ್ದರೂ. 1998ರಲ್ಲಿ ಆರಂಭವಾದ ಫಿಬಿಸ್ ಎಂಬ ಸಂಘವು ಬ್ರಿಟಿಷ್ ಇಂಡಿಯಾದ ಕುಟುಂಬಗಳನ್ನು ಹುಡುಕುವವರಿಗೆ ಉಚಿತ ಸೂಚಿಗಳನ್ನು ಸಿದ್ಧಪಡಿಸಿದೆ. ಸೈನಿಕನು ನಿವೃತ್ತನಾಗಿ ಪಿಂಚಣಿ ಪಡೆದಿದ್ದರೆ ಅವನ ಸೇವಾಪತ್ರ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿರಬಹುದು. ಅದರಲ್ಲಿ ಅವನು ಹುಟ್ಟಿದ ಧರ್ಮಕೇಂದ್ರದ ಹೆಸರಿರುತ್ತದೆ. ಆ ಒಂದು ಹೆಸರು ಸಿಕ್ಕರೆ ಸಾಕು, ಐರ್ಲೆಂಡಿನ ಬಾಗಿಲು ತೆರೆಯುತ್ತದೆ.

ಬೆಂಕಿಯಲ್ಲಿ ಹೋದದ್ದು, ಗುರುನಿವಾಸದಲ್ಲಿ ಉಳಿದದ್ದು

ಐರ್ಲೆಂಡಿನ ದಾಖಲೆಗಳ ಕಥೆ ನಮಗೆ ಒಂದು ಪಾಠವಾಗಬೇಕು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಿಸಿ ಹೊತ್ತಿ ಉರಿಯಿತು. ಏಳು ಶತಮಾನಗಳ ಕಾಗದಪತ್ರಗಳು ಒಂದೇ ದಿನ ಬೂದಿಯಾದವು. ಹಿಂದಿನ ಶತಮಾನದ ಜನಗಣತಿಯ ಪತ್ರಗಳು, ಮರಣಶಾಸನಗಳು ಹೋದವು. ಪ್ರೊಟೆಸ್ಟಂಟ್ ಚರ್ಚ್ ಆಫ್ ಐರ್ಲೆಂಡಿನ ಸುಮಾರು ಸಾವಿರ ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳೂ ಹೋದವು. ಏಕೆಂದರೆ 1870ರ ದಶಕದ ಕಾನೂನಿನಂತೆ ಅವುಗಳನ್ನು ಸುರಕ್ಷತೆಗಾಗಿ ಅದೇ ಕಚೇರಿಯಲ್ಲಿ ಇಡಲಾಗಿತ್ತು. ಕಾಪಾಡಲೆಂದು ಒಂದೆಡೆ ಕೂಡಿಟ್ಟದ್ದೇ ನಾಶಕ್ಕೆ ಕಾರಣವಾಯಿತು.

ಕಥೋಲಿಕ ಧರ್ಮಕೇಂದ್ರಗಳ ಪುಸ್ತಕಗಳು ಮಾತ್ರ ಬಹುಮಟ್ಟಿಗೆ ಉಳಿದವು. ಸರ್ಕಾರ ಅವುಗಳನ್ನು ತನ್ನ ದಾಖಲೆಗಳೆಂದು ಎಣಿಸಿರಲಿಲ್ಲವಾದ್ದರಿಂದ ಅವು ಹಳ್ಳಿಹಳ್ಳಿಯ ಗುರುನಿವಾಸಗಳ ಕಪಾಟುಗಳಲ್ಲೇ ಇದ್ದವು. ಆದರೆ ಬರಿಯ ಕಪಾಟು ಅವುಗಳನ್ನು ಶಾಶ್ವತವಾಗಿ ಉಳಿಸುತ್ತಿರಲಿಲ್ಲ. 1950 ಮತ್ತು 60ರ ದಶಕಗಳಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಊರೂರಿನ ಪುಸ್ತಕಗಳನ್ನು ತರಿಸಿಕೊಂಡು ಸುಮಾರು 1880ರವರೆಗಿನ ಪುಟಗಳ ಮೈಕ್ರೋಫಿಲ್ಮ್ ಮಾಡಿಸಿತು. 2015ರ ಜುಲೈ 8ರಂದು ಆ ಚಿತ್ರಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಸಾವಿರಕ್ಕೂ ಹೆಚ್ಚು ಧರ್ಮಕೇಂದ್ರಗಳ 3,50,000ಕ್ಕೂ ಹೆಚ್ಚು ಪುಟಚಿತ್ರಗಳು ಅಲ್ಲಿವೆ. ಹೊಸಪೇಟೆಯ ಮನೆಯಲ್ಲಿ ಕುಳಿತು ಐರ್ಲೆಂಡಿನ ಕಾರ್ಕ್ ಪ್ರಾಂತ್ಯದ ಹಳ್ಳಿಯೊಂದರ 1820ರ ದೀಕ್ಷಾಸ್ನಾನವನ್ನು ಇಂದು ಓದಬಹುದು.

ಹಾಗೆ ಓದಹೊರಟವರು ಅರಿತಿರಬೇಕಾದ ಕೆಲವು ಸಂಗತಿಗಳಿವೆ. ಐರ್ಲೆಂಡಿನಲ್ಲಿ ಸರ್ಕಾರಿ ಲೆಕ್ಕದ ಧರ್ಮಕೇಂದ್ರವೇ ಬೇರೆ, ಕಥೋಲಿಕ ಧರ್ಮಕೇಂದ್ರವೇ ಬೇರೆ; ಎರಡರ ಗಡಿಯೂ ಹೆಸರೂ ಹೊಂದಿಕೆಯಾಗದಿರಬಹುದು. ಕಥೋಲಿಕರ ಮೇಲಿದ್ದ ದಮನಕಾರಿ ಕಾನೂನುಗಳಿಂದಾಗಿ ಪುಸ್ತಕಗಳು ತಡವಾಗಿ ಆರಂಭವಾಗುತ್ತವೆ. ನಗರಗಳಲ್ಲಿ 18ನೆಯ ಶತಮಾನದಿಂದ, ಪಶ್ಚಿಮದ ಬಡಹಳ್ಳಿಗಳಲ್ಲಿ ಹಲವೆಡೆ 1820ರ ನಂತರ. ಬರಹ ಹಲವು ಕಡೆ ಲತೀನ್ ಭಾಷೆಯಲ್ಲಿದೆ. ಜೇಮ್ಸ್ ಎಂಬವನು ಅಲ್ಲಿ ಯಾಕೋಬುಸ್, ವಿಲಿಯಂ ಎಂಬವನು ಗುಲಿಯೆಲ್ಮುಸ್, ಬ್ರಿಜೆಟ್ ಎಂಬವಳು ಬ್ರಿಜಿದಾ. ಮೆಚ್ಚಬೇಕಾದ ಅಂಶವೊಂದಿದೆ: ಐರಿಷ್ ಗುರುಗಳು ಮಗುವಿನ ತಾಯಿಯ ತವರುಮನೆಯ ಹೆಸರನ್ನು ಸಾಮಾನ್ಯವಾಗಿ ಬರೆಯುತ್ತಿದ್ದರು. ಹೀಗಾಗಿ ಅಲ್ಲಿ ತಂದೆಯ ವಂಶವನ್ನಷ್ಟೇ ಅಲ್ಲ, ತಾಯಿಯ ವಂಶವನ್ನೂ ಹಿಂಬಾಲಿಸಬಹುದು. 1864ರಿಂದ ಎಲ್ಲ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಆರಂಭವಾಯಿತು. ಅದರ ಹಳೆಯ ಪುಟಗಳು, 1901 ಮತ್ತು 1911ರ ಜನಗಣತಿಯ ಪತ್ರಗಳು ಕೂಡ ಉಚಿತವಾಗಿ ಲಭ್ಯ.

ಎರಡನೆಯ ಪ್ರತಿ ಇಲ್ಲದವರು

ಇಲ್ಲಿಗೆ ನಿಂತು ಒಂದು ಕ್ಷಣ ಯೋಚಿಸೋಣ. ಬಳ್ಳಾರಿಯ ದಂಡಿನಲ್ಲಿ ಸತ್ತ ಒಬ್ಬ ಐರಿಷ್ ಸೈನಿಕನ ಹೆಸರು ಎಷ್ಟು ಕಡೆ ಉಳಿದಿರಬಹುದು? ಹುಟ್ಟೂರಿನ ಧರ್ಮಕೇಂದ್ರದ ಪುಸ್ತಕದಲ್ಲಿ, ಅದರ ಮೈಕ್ರೋಫಿಲ್ಮಿನಲ್ಲಿ, ಸೇನೆಯ ಪಟ್ಟಿಯಲ್ಲಿ, ಬಳ್ಳಾರಿಯ ಸಮಾಧಿ ಪುಸ್ತಕದಲ್ಲಿ, ಲಂಡನ್ನಿನ ಪ್ರತಿಯಲ್ಲಿ. ಸಮಾಧಿಕಲ್ಲು ಇದ್ದರೆ ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲಿ ಪ್ರಕಟಿಸಿದ ಮದರಾಸು ಪ್ರಾಂತ್ಯದ ಸಮಾಧಿ ಬರಹಗಳ ಪಟ್ಟಿಯಲ್ಲಿಯೂ ಇರಬಹುದು.

ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ ದೀಕ್ಷಾಸ್ನಾನ ಪಡೆದ ನಮ್ಮ ಒಬ್ಬ ಹಿರಿಯನ ಹೆಸರು ಎಷ್ಟು ಕಡೆ ಇದ್ದೀತು? ಲಂಡನ್ನಿಗೆ ಹೋದ ಪ್ರತಿಗಳು ಮುಖ್ಯವಾಗಿ ಯೂರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ದಾಖಲೆಗಳು. ಭಾರತೀಯ ಕ್ರೈಸ್ತರ ಹೆಸರುಗಳು ಅವುಗಳಲ್ಲಿ ಅಪರೂಪ. ಸೈನಿಕನನ್ನು ಮದುವೆಯಾದ ಈ ನೆಲದ ಹೆಣ್ಣುಮಗಳು ಎಷ್ಟೋ ವೇಳೆ ದೀಕ್ಷಾನಾಮವೊಂದರಿಂದಲೇ ಕಾಣಿಸಿಕೊಳ್ಳುತ್ತಾಳೆ. ಅವಳ ಹೆತ್ತವರಾಗಲಿ ಊರಾಗಲಿ ಅಲ್ಲಿಲ್ಲ. ಆದುದರಿಂದ ನಮ್ಮ ಹಿರಿಯರ ಹೆಸರು ಇದ್ದರೆ ಸ್ಥಳೀಯ ಧರ್ಮಕೇಂದ್ರದ ಆ ಒಂದು ಪುಸ್ತಕದಲ್ಲಿ ಇದೆ; ಅಲ್ಲಿ ಇಲ್ಲವಾದರೆ ಎಲ್ಲಿಯೂ ಇಲ್ಲ.

ಎಜ್ರನ ಗ್ರಂಥದಲ್ಲಿ ಬಾಬಿಲೋನಿನಿಂದ ಹಿಂತಿರುಗಿದ ಕೆಲವು ಕುಟುಂಬಗಳ ಪ್ರಸಂಗವಿದೆ. ಅವರು ತಮ್ಮ ವಂಶಾವಳಿಯ ದಾಖಲೆಯನ್ನು ಹುಡುಕಿದರು, ಸಿಗಲಿಲ್ಲ, ಅದರಿಂದಾಗಿ ಯಾಜಕ ಸೇವೆಯಿಂದ ಹೊರಗುಳಿದರು. ಹೆಸರು ಸಿಗದಿದ್ದರೆ ಮನುಷ್ಯನ ಬೆಲೆ ಕಡಿಮೆಯಾಗುವುದಿಲ್ಲ, ನಿಜ. ಆದರೆ ಸೆರೆಯಿಂದ ಮರಳಿದವರಿಗೆ, ವಲಸೆ ಬಂದವರಿಗೆ, ನೆಲೆ ಕಳೆದುಕೊಂಡವರಿಗೆ ತಾವು ಯಾರ ಮಕ್ಕಳೆಂಬ ಒಂದು ಸಾಲಿನ ಸಾಕ್ಷಿ ಎಷ್ಟು ದೊಡ್ಡದೆಂಬುದನ್ನು ಆ ಪ್ರಸಂಗ ತಿಳಿಸುತ್ತದೆ.

ಹುಡುಕುವ ಬಗೆ

ಮೊದಲ ಹುಡುಕಾಟ ಮನೆಯಲ್ಲೇ ಆಗಬೇಕು. ಹಳೆಯ ಪ್ರಾರ್ಥನಾ ಪುಸ್ತಕದ ಒಳರಟ್ಟು, ಮರಣದ ಸ್ಮರಣಪತ್ರ, ಮದುವೆಯ ಆಮಂತ್ರಣ, ಶಾಲೆಯ ವರ್ಗಾವಣೆ ಪತ್ರ, ರೈಲ್ವೆ ಅಥವಾ ಗಣಿಯ ಸೇವಾಪುಸ್ತಕ, ಸಮಾಧಿಕಲ್ಲು ಇವುಗಳನ್ನು ನೋಡಿ ಹೆಸರು, ಊರು, ಅಂದಾಜು ವರ್ಷ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಇಂದಿನಿಂದ ಹಿಂದಕ್ಕೆ ಒಂದೊಂದೇ ತಲೆಮಾರಾಗಿ ಹೋಗಬೇಕೇ ಹೊರತು ಪ್ರಸಿದ್ಧನಾದ ಯಾರೋ ಒಬ್ಬ ಪೂರ್ವಜನಿಂದ ಆರಂಭಿಸಿ ಕೆಳಕ್ಕೆ ಬರಬಾರದು.

ಎರಡನೆಯದಾಗಿ, ಆ ಕಾಲದಲ್ಲಿ ಆ ಊರು ಯಾವ ಧರ್ಮಕೇಂದ್ರಕ್ಕೆ ಸೇರಿತ್ತೆಂದು ಕೇಳಬೇಕು. ಇಂದಿನ ಗಡಿ ಅಂದಿನ ಗಡಿಯಲ್ಲ. ಸಂಡೂರು ಸಂಸ್ಥಾನ ಬಳ್ಳಾರಿ ಜಿಲ್ಲೆಗೆ ಸೇರಿದ್ದು 1949ರಲ್ಲಿ. ಬಳ್ಳಾರಿ ಮದರಾಸಿನಿಂದ ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಆಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 2021ರಲ್ಲಿ ಹೊಸಪೇಟೆಯು ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಹಂಪಿ ಅದರಲ್ಲಿದೆ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿವೆ. ಧರ್ಮಸಭೆಯ ಗಡಿಗಳು ಮತ್ತೆ ಬೇರೆ. ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1949ರ ಮಾರ್ಚ್ 10ರಂದು. ಅದಕ್ಕೆ ಹಿಂದೆ ಈ ಸೀಮೆ ಬಹುಕಾಲ ಮದರಾಸಿನ ಆಡಳಿತಕ್ಕೆ ಸೇರಿತ್ತು. ಹೊಸ ಧರ್ಮಕೇಂದ್ರವೊಂದು ಆರಂಭವಾದಾಗ ಹಳೆಯ ಪುಸ್ತಕಗಳು ತಾಯಿ ಧರ್ಮಕೇಂದ್ರದಲ್ಲೇ ಉಳಿಯುತ್ತವೆ. ಆದುದರಿಂದ ಇಂದಿನ ದೇವಾಲಯ ಕಟ್ಟಿದ ವರ್ಷಕ್ಕಿಂತ ಹಿಂದಿನ ದಾಖಲೆ ಬೇಕಿದ್ದರೆ ಅಲ್ಲಿಗೆ ಮೊದಲು ಯಾವ ಊರಿನ ಗುರುಗಳು ಬಂದು ಪೂಜೆ ಅರ್ಪಿಸುತ್ತಿದ್ದರೆಂದು ಹಿರಿಯರನ್ನು ವಿಚಾರಿಸಬೇಕು.

ಮೂರನೆಯದಾಗಿ, ಹೆಸರಿನ ವಿಷಯ. ಮನೆಯಲ್ಲಿ ಕರೆಯುವ ಹೆಸರು ಪುಸ್ತಕದಲ್ಲಿ ಇರದೆ ಹೋಗಬಹುದು. ರಾಯಪ್ಪನೆಂದರೆ ಪೇತ್ರ, ಚಿನ್ನಪ್ಪನೆಂದರೆ ಪೌಲ, ಅರುಳಪ್ಪನೆಂದರೆ ಯೊವಾನ್ನ, ಚೌರಪ್ಪನೆಂದರೆ ಕ್ಸೇವಿಯರ್, ಇನ್ನಾಸಪ್ಪನೆಂದರೆ ಇಗ್ನಾಸಿಯುಸ್. ತಮಿಳಿನಿಂದ ನಮಗೆ ಬಂದ ಈ ಹೆಸರುಗಳನ್ನು ಪರದೇಶದ ಗುರುಗಳು ಲತೀನಿನಲ್ಲಿ ಪೇತ್ರುಸ್, ಪೌಲುಸ್, ಯೊವಾನ್ನೆಸ್ ಎಂದು ಬರೆದಿರಬಹುದು. ಅಥವಾ ಕಿವಿಗೆ ಕೇಳಿದಂತೆ ಬರೆದು ಗುರುತೇ ಸಿಗದಂತೆ ಮಾಡಿರಬಹುದು. ಅದಕ್ಕಾಗಿಯೇ ಜ್ಞಾನಪಿತೃಗಳ ಹೆಸರನ್ನು ಗಮನಿಸಬೇಕು. ಅವರು ಹೆಚ್ಚಾಗಿ ಸೋದರಮಾವ, ಅತ್ತೆ, ನೆರೆಯವರು. ಅದೇ ಊರಿನಿಂದ ಒಟ್ಟಿಗೆ ಬಂದವರು. ತಾತನ ಊರು ತಿಳಿಯದಿದ್ದರೂ ಜ್ಞಾನಪಿತನ ಊರು ತಿಳಿದರೆ ದಾರಿ ಸಿಗುವುದುಂಟು.

ನಾಲ್ಕನೆಯದಾಗಿ, ಯಾರನ್ನು ಕೇಳಬೇಕು? ತೆಲುಗು, ತಮಿಳು ಸೀಮೆಗಳಿಂದ ಬಂದವರು ಹುಟ್ಟೂರಿನ ಧರ್ಮಕೇಂದ್ರಕ್ಕೆ ಬರೆಯಬೇಕು. ಮಂಗಳೂರು ಕಡೆಯ ಕುಟುಂಬಗಳು ಅಲ್ಲಿಯ ತಮ್ಮ ಮೂಲ ಧರ್ಮಕೇಂದ್ರಕ್ಕೆ ಬರೆಯಬೇಕು. ಆದರೆ 1784ರಲ್ಲಿ ಟಿಪ್ಪು ಸುಲ್ತಾನನ ಕಾಲದ ಸೆರೆಯ ವೇಳೆ ಅಲ್ಲಿಯ ದೇವಾಲಯಗಳು ನಾಶವಾದ್ದರಿಂದ ಅದಕ್ಕೆ ಹಿಂದಿನ ದಾಖಲೆ ಸಿಗುವುದು ಕಷ್ಟ. ಗೋವೆಯ ಮೂಲದ ಹಳ್ಳಿ ತಿಳಿದಿದ್ದರೆ ಪಣಜಿಯ ಸರ್ಕಾರಿ ಪತ್ರಾಗಾರದಲ್ಲಿ ಅಲ್ಲಿಯ ಹಲವು ಹಳೆಯ ಧರ್ಮಕೇಂದ್ರ ಪುಸ್ತಕಗಳಿವೆ. ನಮ್ಮ ಸಿಎಸ್ಐ ಸಹೋದರರಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿಗೆ ಸೇರಿದ್ದ ಕುಟುಂಬಗಳು ಸ್ಥಳೀಯ ಸಭೆಯ ಪುಸ್ತಕಗಳನ್ನು ನೋಡಿದ ಮೇಲೆ, 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಂದಿನಿಂದ ಮಿಷನರಿಗಳು ಬರೆದ ಪತ್ರ ಮತ್ತು ವರದಿಗಳನ್ನು ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿ ಹುಡುಕಬಹುದು.

ಇನ್ನೊಂದು ಸುಳಿವು ನಮ್ಮವರಿಗೆ ಅಷ್ಟಾಗಿ ತಿಳಿಯದು. 1918ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯು ಪ್ರತಿ ವರ್ಷದ ಕೊನೆಗೆ ದಾಖಲೆ ಪುಸ್ತಕಗಳ ಒಂದು ಅಧಿಕೃತ ಪ್ರತಿಯನ್ನು ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕೆಂದು ವಿಧಿಸಿತ್ತು. ನಿಯಮವಿದ್ದ ಮಾತ್ರಕ್ಕೆ ಎಲ್ಲೆಡೆಯೂ ಅದು ಪಾಲನೆಯಾಯಿತೆಂದು ಹೇಳಲಾಗದು. ಆದರೂ 1918ರಿಂದ 1983ರ ನಡುವಣ ದಾಖಲೆಯೊಂದು ಧರ್ಮಕೇಂದ್ರದಲ್ಲಿ ಕಾಣೆಯಾಗಿದ್ದರೆ ಧರ್ಮಾಧ್ಯಕ್ಷರ ಕಚೇರಿಯಲ್ಲಿ ವಿಚಾರಿಸದೆ ಕೈಬಿಡಬಾರದು.

ಹಕ್ಕು ಮತ್ತು ಮಿತಿ

ದಾಖಲೆ ಕೇಳುವುದು ಭಿಕ್ಷೆಯಲ್ಲ. 1983ರ ಕಾನೂನು ಸಂಹಿತೆಯ 487ನೆಯ ನಿಯಮದ ಪ್ರಕಾರ, ಸ್ವಭಾವತಃ ಸಾರ್ವಜನಿಕವಾದ ಹಾಗೂ ತಮ್ಮ ವೈಯಕ್ತಿಕ ಸ್ಥಿತಿಗೆ ಸಂಬಂಧಿಸಿದ ದಾಖಲೆಯ ಅಧಿಕೃತ ಪ್ರತಿಯನ್ನು ಸ್ವತಃ ಅಥವಾ ಪ್ರತಿನಿಧಿಯ ಮೂಲಕ ಪಡೆಯುವ ಹಕ್ಕು ಸಂಬಂಧಪಟ್ಟವರಿಗೆ ಇದೆ. ಆದರೆ ಆ ಹಕ್ಕು ಇಡೀ ಪುಸ್ತಕವನ್ನು ತಿರ್ರನೆ ತಿರುವಿ ಹಾಕುವ ಹಕ್ಕಲ್ಲ. ಬದುಕಿರುವವರ ವಿವರಗಳು ಅದರಲ್ಲಿವೆ. ದತ್ತು ಮಕ್ಕಳ, ತಂದೆಯ ಹೆಸರಿಲ್ಲದ ಮಕ್ಕಳ ಸಾಲುಗಳೂ ಇವೆ. ಗುರುಗಳು ತಾವೇ ಹುಡುಕಿ ಪ್ರತಿ ಕೊಡುತ್ತೇವೆ ಎಂದರೆ ಅದು ತಿರಸ್ಕಾರವಲ್ಲ, ಮತ್ತೊಬ್ಬರ ಮಾನದ ರಕ್ಷಣೆ. ಪತ್ರ ಬರೆಯುವಾಗ ಹೆಸರು, ತಂದೆತಾಯಿಯ ಹೆಸರು, ಐದು ವರ್ಷಗಳ ಒಳಗಿನ ಅಂದಾಜು ಕಾಲ, ತಮಗಿರುವ ಸಂಬಂಧ ಇವುಗಳನ್ನು ತಿಳಿಸಿದರೆ ಕೆಲಸ ಸುಲಭ. ಸ್ವವಿಳಾಸದ ಲಕೋಟೆಯನ್ನೂ ಸಣ್ಣ ಕಾಣಿಕೆಯನ್ನೂ ಇಡುವುದು ಸೌಜನ್ಯ. ಹಬ್ಬದ ವಾರಗಳಲ್ಲಿ ಉತ್ತರ ತಡವಾದರೆ ಬೇಸರಪಡಬಾರದು.

ಹುಡುಕಿ ಸಿಕ್ಕ ಸತ್ಯ ಎಂದಿಗೂ ಸಿಹಿಯಾಗಿರುತ್ತದೆಂಬ ಭರವಸೆಯಿಲ್ಲ. ಒಂದೇ ವಾರದಲ್ಲಿ ಮೂರು ಮಕ್ಕಳನ್ನು ಮಣ್ಣು ಮಾಡಿದ ತಾಯಿಯನ್ನು ಅಲ್ಲಿ ಕಾಣಬಹುದು. ಮನೆಯಲ್ಲಿ ಎಂದೂ ಹೇಳದ ಮೊದಲ ಮದುವೆಯನ್ನು ಕಾಣಬಹುದು. ತೀರ್ಪು ಕೊಡಲು ಅಲ್ಲ, ಅವರೂ ನಮ್ಮವರೆಂದು ಒಪ್ಪಿಕೊಳ್ಳಲು ನಾವು ಆ ಪುಟವನ್ನು ತೆರೆಯಬೇಕು. ಮತ್ತಾಯನು ಬರೆದ ಪ್ರಭುವಿನ ವಂಶಾವಳಿಯೇ ತಾಮಾರಳನ್ನೂ ರಾಹಾಬಳನ್ನೂ ಮರೆಮಾಚಲಿಲ್ಲ.

ಇಂದು ಬರೆಯಬೇಕಾದ ಸಾಲು

ಹಿಂದಿನವರ ಸಾಲನ್ನು ಹುಡುಕುವ ನಾವು ಮುಂದಿನವರಿಗಾಗಿ ಏನನ್ನು ಬರೆದಿಡುತ್ತಿದ್ದೇವೆ? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಗಣಿಯನ್ನೇ ನಂಬಿದ್ದ ಎಷ್ಟೋ ಕುಟುಂಬಗಳ ಜೀವನೋಪಾಯ ಕಡಿದುಹೋಯಿತು. ಕೆಲಸ ಅರಸಿ ಊರು ಬಿಟ್ಟು ಹೋಗುವ ಕುಟುಂಬದ ಮಗುವಿಗೆ ದೀಕ್ಷಾಸ್ನಾನ ಸಂಡೂರಿನಲ್ಲಿ, ಪರಮಪ್ರಸಾದ ಬೆಂಗಳೂರಿನಲ್ಲಿ, ಮದುವೆ ಮತ್ತೆಲ್ಲೋ. ಈ ಚದುರಿದ ಬದುಕನ್ನು ಒಂದೆಡೆ ಹಿಡಿದಿಡುವ ಉಪಾಯವನ್ನು ಧರ್ಮಸಭೆ ಕಂಡುಕೊಂಡಿದೆ. 535 ಮತ್ತು 1122ನೆಯ ನಿಯಮಗಳ ಪ್ರಕಾರ, ಮದುವೆ ಎಲ್ಲಿಯೇ ನಡೆದರೂ ಅದರ ವಿವರವನ್ನು ದೀಕ್ಷಾಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಿ, ಆ ಮೊದಲ ಸಾಲಿನ ಪಕ್ಕದಲ್ಲೇ ಬರೆಯಿಸಬೇಕು. ದೃಢೀಕರಣವನ್ನೂ ಹಾಗೆಯೇ. ಈ ಟಿಪ್ಪಣಿ ಸರಿಯಾಗಿ ಬಿದ್ದರೆ ಒಬ್ಬ ವ್ಯಕ್ತಿಯ ಬದುಕಿನ ದಾರಿ ಒಂದೇ ಪುಟದಲ್ಲಿ ಸಿಗುತ್ತದೆ. ಮದುವೆಯಾದ ದಂಪತಿಗಳು ಈ ಸೂಚನೆ ತಲುಪಿತೇ ಎಂದು ವಿಚಾರಿಸುವುದು ಒಳ್ಳೆಯದು.

ಇದರ ಅರ್ಥ ಧರ್ಮಕೇಂದ್ರದ ಪುಸ್ತಕ ಸರ್ಕಾರದ ನೋಂದಣಿಗೆ ಬದಲಿ ಎಂದಲ್ಲ. 1969ರ ಕಾಯಿದೆಯಂತೆ ಜನನ, ಮರಣಗಳನ್ನು ನೋಂದಾಯಿಸುವುದು ಕಡ್ಡಾಯ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಮುಂತಾದ ಹಲವು ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಅದನ್ನು ಮಾಡಿಸದೆ ದೀಕ್ಷಾಸ್ನಾನದ ಪತ್ರವೊಂದೇ ಸಾಕೆಂದು ಯಾರೂ ಭಾವಿಸಬಾರದು.

ಧರ್ಮಕೇಂದ್ರಗಳ ಪಾಲಿಗೂ ಕೆಲಸವಿದೆ. ಹಳೆಯ ಪುಸ್ತಕಗಳನ್ನು ಜೋಪಾನವಾಗಿಡಬೇಕೆಂದು 535ನೆಯ ನಿಯಮವೇ ಹೇಳುತ್ತದೆ. ನಮ್ಮ ಸೀಮೆಯಲ್ಲಿ ಗೆದ್ದಲು, ಧೂಳು, ಸೋರುವ ಮಾಡು ಇವೇ ನಮ್ಮ ‘ಡಬ್ಲಿನ್ ಬೆಂಕಿ’. ಗೋಡೆಗೆ ತಾಗದ ಕಬ್ಬಿಣದ ಕಪಾಟು, ವರ್ಷಕ್ಕೆ ಎರಡು ಬಾರಿ ಪುಟ ತಿರುವಿ ಗಾಳಿಗೊಡ್ಡುವುದು, ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚದಿರುವುದು ಇವೆಲ್ಲ ಖರ್ಚಿಲ್ಲದ ಉಪಾಯಗಳು. ಎಲ್ಲಕ್ಕಿಂತ ಮಿಗಿಲಾದದ್ದು ಎರಡನೆಯ ಪ್ರತಿ. ಒಳ್ಳೆಯ ಮೊಬೈಲ್ ಫೋನಿನಿಂದ ಇನ್ನೂರು ಪುಟಗಳ ಪುಸ್ತಕದ ಚಿತ್ರ ತೆಗೆಯಲು ಒಂದು ಮಧ್ಯಾಹ್ನ ಸಾಕು. ಧರ್ಮಾಧ್ಯಕ್ಷರ ಅನುಮತಿಯಿಂದ, ಗುರುಗಳ ಸಮ್ಮುಖದಲ್ಲಿ, ನಂಬಿಕಸ್ಥ ಯುವಜನರು ಈ ಕೆಲಸ ಮಾಡಿ, ಒಂದು ಪ್ರತಿಯನ್ನು ಧರ್ಮಕೇಂದ್ರದಲ್ಲೂ ಮತ್ತೊಂದನ್ನು ಧರ್ಮಾಧ್ಯಕ್ಷರ ನಿವಾಸದಲ್ಲೂ ಇಡಬಹುದು. ಐರ್ಲೆಂಡಿನ ಪುಸ್ತಕಗಳು ಉಳಿದದ್ದು ಒಂದೇ ಊರಿನಲ್ಲಿ ಕೂಡಿಟ್ಟದ್ದರಿಂದಲ್ಲ. ಹಲವು ಊರುಗಳಲ್ಲಿ ಇದ್ದುದರಿಂದ ಮತ್ತು ಸಕಾಲದಲ್ಲಿ ಪ್ರತಿ ತೆಗೆದಿದ್ದರಿಂದ.

ಮನೆಗಳಲ್ಲಿ ಇದಕ್ಕಿಂತ ಮೊದಲು ಆಗಬೇಕಾದದ್ದು ಒಂದಿದೆ. ಅಣೆಕಟ್ಟಿನ ಕೆಲಸಕ್ಕೆ ಬಂದವರ ಮಕ್ಕಳು ಈಗ ಎಪ್ಪತ್ತು, ಎಂಬತ್ತು ದಾಟಿದವರು. ಅವರಿಗೆ ನೆನಪಿರುವ ಊರಿನ ಹೆಸರು, ಅಜ್ಜಿಯ ತವರು, ಮೊದಲ ಪೂಜೆ ನಡೆದ ಗುಡಿಸಲು ಯಾವ ಪುಸ್ತಕದಲ್ಲೂ ಇಲ್ಲ. ಅವರು ಹೇಳುವಾಗ ಮಗನೋ ಮೊಮ್ಮಗಳೋ ಒಂದು ನೋಟ್‌ಬುಕ್ ಹಿಡಿದು ಕುಳಿತು ಬರೆದುಕೊಳ್ಳಲಿ. ಧರ್ಮಕೇಂದ್ರದ ಪುಸ್ತಕ ಒಂದು ಸಾಲನ್ನು ಉಳಿಸುತ್ತದೆ. ಆ ಸಾಲು ಯಾವ ಪುಸ್ತಕದಲ್ಲಿದೆ ಎಂಬುದನ್ನು ಹೇಳಬಲ್ಲವರು ಅವರೇ.